ತಗ್ಗಿನ ಮನೆಯ ಮೋಟರು

ವಿನೋಬನಗರ, ಶಿವಮೊಗ್ಗ
10 ನವೆಂಬರ್ 2024

ಮಾವನಿಗೆ ಶರಣು.

ಈ ಕಾಗದದ ಜೊತೆ ಒಂದು ಗೋಣಿಚೀಲವೂ ಬಂದಿರುತ್ತದೆ. ದಯವಿಟ್ಟು ಚೀಲ ಬಿಚ್ಚುವ ಮೊದಲು ಕಾಗದ ಓದಿ. ಒಳಗಿರುವುದು ನಮ್ಮ ಹಿತ್ತಲ ಗುಂಡಿಯ ಮೋಟರು. ಸೋಪಿನ ನೀರಿನಲ್ಲಿ ಒಮ್ಮೆ, ಬ್ಲೀಚಿಂಗ್ ಪೌಡರ್ ಹಾಕಿ ಒಮ್ಮೆ, ಮನಸ್ಸಿನ ಸಮಾಧಾನಕ್ಕೆ ಇನ್ನೊಮ್ಮೆ ತೊಳೆದಿದ್ದೇನೆ. ಆದರೂ ಅತ್ತೆಯ ಅಡುಗೆಮನೆಯಿಂದ ದೂರವಿಡಿ.

ಫೋನ್ ಮಾಡಬಹುದಿತ್ತು. ಆದರೆ ನಾನು ಫೋನಿನಲ್ಲಿ ಕೂಗಿದರೆ ನಮ್ಮ ಬೀದಿಗೆಲ್ಲ ಕೇಳುತ್ತದೆ, ನಿಮಗೊಬ್ಬರಿಗೆ ಕೇಳುವುದಿಲ್ಲ. ಕಕ್ಕಸಿನ ಗುಂಡಿಯ ಕಥೆಯನ್ನು ಬೀದಿಗೆ ಕೂಗಿ ಹೇಳಲು ಮನಸ್ಸಾಗಲಿಲ್ಲ.

ಆಗಿದ್ದಿಷ್ಟು. ಮೋಟರು ಎರಡು ದಿನ ನರಳಿತು, ಮೂರನೆಯ ದಿನ ಸುಮ್ಮನಾಯಿತು. ನಾವು ಕೊಳ್ಳುವ ಮೊದಲೇ ರಸ್ತೆ ಎತ್ತರಿಸಿ ಈ ಮನೆ ತಗ್ಗಿಗೆ ಬಿದ್ದಿದ್ದು ನಿಮಗೆ ಗೊತ್ತೇ ಇದೆ. ಸೆಪ್ಟಿಕ್ ಟ್ಯಾಂಕಿನಿಂದ ತಿಳಿಯಾಗಿ ಬಂದ ನೀರು ಪಕ್ಕದ ಗುಂಡಿಗೆ ಇಳಿಯುತ್ತದೆ. ಅಲ್ಲಿಂದ ಬೀದಿಯ ಚರಂಡಿ ಕೊಳವೆಗೆ ಅದನ್ನು ಮೋಟರೇ ಎತ್ತಬೇಕು. ಮನೆ ಕೊಳ್ಳುವಾಗ ನೀವು ಹೇಳಿದ್ದಿರಿ: "ತಗ್ಗಲ್ಲಿದೆ ಕಣೇ ದಾಕ್ಷು, ಇಲ್ಲಿ ನೀರು ತಾನಾಗಿ ಹೋಗಲ್ಲ. ದಿನಾ ಅದಕ್ಕೆ ಕೈ ಹಿಡಿದು ಮೆಟ್ಟಿಲು ಹತ್ತಿಸ್ಬೇಕು." ಆ ಕೈ ಈಗ ಬಿದ್ದುಹೋಗಿದೆ. ಟ್ಯಾಂಕ್ ಖಾಲಿ ಮಾಡುವ ಗಾಡಿ ವಾರಕ್ಕೆರಡು ಸಲ ನಮ್ಮ ಮನೆ ಮುಂದೆ ನಿಲ್ಲುತ್ತಿದೆ. ಇಲ್ಲಿಯ ಮೆಕ್ಯಾನಿಕ್ ದೂರದಿಂದಲೇ ನೋಡಿ, "ಹೊಸದು ತಗೊಂಬಿಡಿ ಮೇಡಂ, ಇದನ್ನ ಮುಟ್ಟೋರು ಸಿಗಲ್ಲ" ಎಂದ. ಕಾರ್ಖಾನೆಯಲ್ಲಿ ಜೀವಮಾನವಿಡೀ ಮೋಟರಿಗೆ ತಾಮ್ರದ ತಂತಿ ಸುತ್ತಿದ ಸೋದರಮಾವ ನನಗೆ ಇದ್ದಾರೆ ಎಂಬುದು ಅವನಿಗೆ ತಿಳಿಯದು.

ಇನ್ನೊಂದು ವಿಷಯ, ಅದೇ ದೊಡ್ಡದು. ಅಮೂಲ್ಯಳ ಮದುವೆ ಫೆಬ್ರವರಿ ಹದಿನಾರಕ್ಕೆ ಗೊತ್ತಾಯಿತು. ಹದಿನಾಲ್ಕರಂದು ಬೆಳಗಿನ ಜಾವ ಐದಕ್ಕೆ ಮನೆ ಮುಂದೆ ಹಂದರಗಂಬ ನೆಡಬೇಕು. ನಮ್ಮಲ್ಲಿ ಮೊದಲ ಕಂಬ ಹಿಡಿಯುವುದು ಸೋದರಮಾವ. ನನಗೆ ಒಡಹುಟ್ಟಿದವರಿಲ್ಲ, ಆದ್ದರಿಂದ ನನ್ನ ಸೋದರಮಾವನೇ ನನ್ನ ಮಗಳಿಗೂ ಸೋದರಮಾವ. ನೀವೂ ಅತ್ತೆಯೂ ಹದಿಮೂರರ ಸಂಜೆಯೇ ಬಂದು ಉಳಿಯಬೇಕು. ಡಿಗ್ರಿ ಓದುವಾಗ ಮೂರು ವರ್ಷ ನಾನು ನಿಮ್ಮ ಮನೆಯಲ್ಲಿದ್ದೆ. ನೀವು ನನ್ನ ಮನೆಯಲ್ಲಿ ಗೃಹಪ್ರವೇಶದ ರಾತ್ರಿಯೊಂದು ಬಿಟ್ಟರೆ ಇನ್ನೆಂದೂ ಉಳಿದವರಲ್ಲ. ಯಾವಾಗ ಬಂದರೂ ಸಂಜೆ ನಾಲ್ಕು ಗಂಟೆಗೇ ಎದ್ದು ಬಸ್ಸಿಗೆ ಹೊರಡುತ್ತೀರಿ. ನಿಮ್ಮ ಮಾತು ಕೇಳದೆ ತಗ್ಗಿನ ಮನೆ ಕೊಂಡೆವೆಂಬ ಸಿಟ್ಟು ಇನ್ನೂ ಇದ್ದರೆ, ಈ ಸಲ ಬಿಟ್ಟುಬಿಡಿ ಮಾವ.

ನಿಮ್ಮ
ದಾಕ್ಷಾಯಣಿ

ಬಸ್ ಸ್ಟ್ಯಾಂಡಿನಲ್ಲೇ ನಿಂತು ಸೇರಿಸಿದ್ದು: ಬಸ್ಸಿನ ಕಂಡಕ್ಟರ್ "ಬೋರ್‌ವೆಲ್ ಮೋಟ್ರಾ ಅಮ್ಮ?" ಎಂದು ಕೇಳಿ ತಮ್ಮ ಸೀಟಿನ ಪಕ್ಕದಲ್ಲೇ ಇಟ್ಟುಕೊಂಡರು. ನಾನು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ.

*

ಜನ್ನಾಪುರ, ಭದ್ರಾವತಿ
24 ನವೆಂಬರ್ 2024

ದಾಕ್ಷುಗೆ ಮಾವನ ಆಶೀರ್ವಾದ, ಅತ್ತೆಯ ಗದರಿಕೆ. (ಗದರಿಕೆ ಯಾಕೆಂದರೆ, ಚೀಲ ಮೊದಲು ಬಿಚ್ಚಿದವಳು ಅವಳು. ನೀನು ಚಕ್ಕುಲಿ ಕಳಿಸಿದ್ದೀಯ ಅಂದುಕೊಂಡಿದ್ದಳು.)

ಮೋಟರು ಬಿಚ್ಚಿದೆ. ಇಂಥ ಮೋಟರು ನೀರಿನೊಳಗೇ ಕೂತು ಕೆಲಸ ಮಾಡುವಂಥದ್ದು. ಅದರ ಹೊಟ್ಟೆಗೆ ನೀರು ಹೋಗದ ಹಾಗೆ ಬುಡದಲ್ಲಿ ಒಂದು ಸೀಲ್ ಇರುತ್ತದೆ. ಸೀಲಿನ ಕೆಳಗೆ ತಿರುಗುವ ಚಕ್ರ. ಚಕ್ರ ನೀರನ್ನು ಬೀಸಿ ಪೈಪಿಗೆ ಒಗೆಯುತ್ತದೆ, ಅಷ್ಟೇ ವಿದ್ಯೆ. ನಿಮ್ಮ ಚಕ್ರಕ್ಕೆ ಬಿಳಿ ಬಟ್ಟೆಯಂಥದ್ದು ಜಡೆ ಹೆಣೆದ ಹಾಗೆ ಸುತ್ತಿಕೊಂಡಿತ್ತು. ಚಕ್ರ ಬಿಗಿಯಾಯಿತು, ಸೀಲ್ ಹರಿಯಿತು, ಹೊಟ್ಟೆಗೆ ನೀರು ಹೋಯಿತು, ತಂತಿ ಸುಟ್ಟಿತು. ನಿಮ್ಮತ್ತೆ ಆ ಬಟ್ಟೆಯನ್ನು ಕಡ್ಡಿಯಲ್ಲಿ ಎತ್ತಿ, "ಅಯ್ಯೋ, ನೀರಲ್ಲಿದ್ರೂ ಒಂದೆಳೆ ಬಿಟ್ಟಿಲ್ಲ ನೋಡ್ರಿ, ಇಷ್ಟು ಗಟ್ಟಿ ಬಟ್ಟೆ ಯಾರು ಎಸೆದ್ರು?" ಎಂದಳು. ಎದುರುಮನೆ ಹುಡುಗಿ ಬಂದು ನೋಡಿ, ಇದು ಮುಖದ ಮೇಕಪ್ ಒರೆಸುವ ಒದ್ದೆ ಟಿಶ್ಯೂ ಎಂದಳು. ನಿಮ್ಮ ಮನೆಯಲ್ಲಿ ಮುಖ ಒರೆಸಿಕೊಳ್ಳುವವರು ಯಾರು ಅಂತ ನಾನು ಕೇಳುವುದಿಲ್ಲ. ಮದುವಣಗಿತ್ತಿಗೆ ನನ್ನ ಆಶೀರ್ವಾದ ಹೇಳು.

ಹೊಸ ತಂತಿ ಸುತ್ತಿ, ಸೀಲ್ ಹಾಕಿ ಕಳಿಸುತ್ತಿದ್ದೇನೆ. ಜೊತೆಗಿರುವ ತೇಲುವ ಬುರುಡೆ ಚೆನ್ನಾಗಿದೆ. ಗುಂಡಿ ತುಂಬಿ ಬುರುಡೆ ಮೇಲೆದ್ದರೆ ಮೋಟರು ಆನ್, ನೀರಿಳಿದು ಬುರುಡೆ ಇಳಿದರೆ ಆಫ್. ಅದಕ್ಕೆ ಯಾವುದೂ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಿ.

ಕೆಲವು ವಿಷಯ ಬರೆದು ತಿಳಿಸು. ಮೋಟರು ಓಡುವಾಗ ಶಬ್ದ ಎಷ್ಟು? ಹಿತ್ತಲಿಗೆ ಮಾತ್ರವೋ, ಒಳಗೂ ಕೇಳುತ್ತದೋ? ಹಾಲಿಗೆ ಕೇಳುತ್ತದೋ? ಒಬ್ಬರು ಒಂದು ಸಲ ನೀರು ಬಿಟ್ಟರೂ ಓಡುತ್ತದೋ, ಹತ್ತು ಸಲಕ್ಕೊಮ್ಮೆ ಓಡುತ್ತದೋ? ರಾತ್ರಿ ಹೊತ್ತು ಶಬ್ದ ಜಾಸ್ತಿಯೋ?

ಹಂದರಗಂಬದ ವಿಷಯ: ಕಂಬ ನಾನೇ ಹಿಡಿಯುತ್ತೇನೆ. ಹಿಂದಿನ ದಿನ ಬರುವುದು ಬೇಡ. ಯಾವುದಾದರೂ ಆಟೋ ಹೇಳಿಕೊಂಡು ಬೆಳಗಿನ ಜಾವವೇ ಬರುತ್ತೇವೆ. ಸಿಟ್ಟುಗಿಟ್ಟು ಏನಿಲ್ಲ ಮಾರಾಯ್ತಿ.

ಹಾಲಸ್ವಾಮಿ ಮಾವ

*

ವಿನೋಬನಗರ
8 ಡಿಸೆಂಬರ್ 2024

ಮಾವನಿಗೂ ಅತ್ತೆಗೂ ಶರಣು.

ಮೋಟರು ಬಂತು, ಮೆರವಣಿಗೆಯಲ್ಲಿ ಬಂದ ಹಾಗೆ ಬಂತು. ಕೆಲಸ ಮುಗಿದ ಯಂತ್ರಕ್ಕೆ ಪೂಜೆ ಮಾಡದೆ ಹೊರಗೆ ಕಳಿಸುವ ಪದ್ಧತಿ ನಿಮ್ಮ ಮನೆಯಲ್ಲಿಲ್ಲ ಎಂಬುದನ್ನು ನಾನು ಮರೆತಿದ್ದೆ. ಅತ್ತೆ ವಿಭೂತಿ ಹಚ್ಚಿ, ಸೇವಂತಿಗೆ ಹಾರ ಸುತ್ತಿ, ಚೀಲದ ಬಾಯಿಗೆ ಒಂದು ತೆಂಗಿನಕಾಯಿಯನ್ನೂ ಕಟ್ಟಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ನಾನು ಹೋಗಿ ನಿಂತಾಗ ಮುಂದಿನ ಸೀಟಿನ ಅಜ್ಜಿಯೊಬ್ಬರು ಚೀಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

"ಯಾವ ದೇವ್ರು ಮಗಾ?" ಎಂದರು ಕಂಡಕ್ಟರಿಗೆ.

"ನೀರೆತ್ತೋ ದೇವ್ರು ಅಜ್ಜಿ. ವಿನೋಬನಗರಕ್ಕೆ ಹೊರಟಿದೆ."

ನಾನು ಚೀಲ ಎತ್ತಿಕೊಂಡು ಹಿಂತಿರುಗಿ ನೋಡದೆ ಆಟೋ ಹತ್ತಿದೆ.

ಪ್ಲಂಬರ್ ಧರ್ಮೇಂದ್ರ ಅದನ್ನು ಗುಂಡಿಗಿಳಿಸಿ ಜೋಡಿಸಿದರು. ಸ್ವಿಚ್ ಹಾಕಿದಾಗ ನಾವು ಮೂವರೂ ಬಾವಿಯಲ್ಲಿ ಮೊದಲ ನೀರು ಕಂಡವರ ಹಾಗೆ ಬಗ್ಗಿ ನೋಡುತ್ತಿದ್ದೆವು. ನೀರು ಕಣ್ಣೆದುರೇ ಇಳಿಯಿತು. ನಮ್ಮ ಮನೆಯವರು ಚಪ್ಪಾಳೆ ತಟ್ಟಿದರು. ಅಮೂಲ್ಯ ಟಿಶ್ಯೂ ಪೊಟ್ಟಣವನ್ನು ಹಿತ್ತಲಿಗೆ ತಂದು, ಗುಂಡಿಗೆ ಕೈ ಮುಗಿದು, ಕಸದ ಬುಟ್ಟಿಗೆ ಹಾಕಿದಳು. ನನಗೊಂದು ಯೋಚನೆ ಬಂತು: ಇಳಿಯುವುದು ನೀರಿಗೆ ಹುಟ್ಟಿನಿಂದ ಗೊತ್ತು, ಏರುವುದನ್ನು ಮಾತ್ರ ಯಾರಾದರೂ ಕಲಿಸಬೇಕು. ಅದನ್ನೇ ಇವರಿಗೆ ಹೇಳಿದೆ. "ಸದ್ಯ ಏರ್ತಲ್ಲ, ಕಾಫಿ ಮಾಡು" ಎಂದರು.

ಒಂದೇ ತೊಂದರೆ. ಯಾರೂ ನೀರು ಬಳಸದಿದ್ದರೂ ಮೋಟರು ಐದೈದು ನಿಮಿಷಕ್ಕೆ ತಾನಾಗಿ ಶುರುವಾಗುತ್ತದೆ.

ಶಬ್ದದ ಬಗ್ಗೆ ಕೇಳಿದ್ದೀರಿ. ಶಬ್ದ ಮನೆಗೆಲ್ಲ ಕೇಳುತ್ತದೆ, ಮುಂದಿನ ಕೋಣೆಗೆ ಇನ್ನೂ ಜೋರು. ಇವರು ಅದಕ್ಕೆ ಡಂಗುರ ಎಂದೇ ಹೆಸರಿಟ್ಟಿದ್ದಾರೆ, ಯಾರು ಬಚ್ಚಲಿಗೆ ಹೋದರೂ ಊರಿಗೆ ಸಾರುತ್ತದಲ್ಲ! ನಿಮಗೆ ನೆನಪಿದೆಯೇ? ಗೃಹಪ್ರವೇಶದ ಮರುಬೆಳಿಗ್ಗೆ ಕಾಫಿ ಕುಡಿಯುವಾಗ ನಮ್ಮ ಭಾವ, "ರಾತ್ರಿಯೆಲ್ಲ ಯಾರಪ್ಪಾ ಅಷ್ಟು ಸಲ ಡಂಗುರ ಹೊಡ್ಸಿದ್ದು? ಏಳನೇ ಸಲಕ್ಕೆ ನಾನು ಎಣಿಸೋದು ಬಿಟ್ಟೆ!" ಎಂದಾಗ ಎಲ್ಲರೂ ಎಷ್ಟು ನಕ್ಕೆವು. ಆಗ ನಿಮ್ಮ ಕಿವಿ ಚೆನ್ನಾಗಿಯೇ ಇತ್ತು. ಆದರೆ ನೀವು ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಿರಿ, ಕೇಳಿತೋ ಇಲ್ಲವೋ.

ಬೆಳಗಿನ ಜಾವದ ಆಟೋ ಎಲ್ಲ ಬೇಡ. ಹದಿಮೂರರ ಸಂಜೆಗೇ ಬನ್ನಿ. ಮುಂದಿನ ಕೋಣೆ ನಿಮಗೆಂದೇ ಇಟ್ಟಿದ್ದೇನೆ.

ನಿಮ್ಮ
ದಾಕ್ಷಾಯಣಿ

*

ಜನ್ನಾಪುರ
17 ಡಿಸೆಂಬರ್ 2024

ದಾಕ್ಷಾಯಣಿಗೆ ಆಶೀರ್ವಾದ.

ಮೋಟರು ತಾನಾಗಿ ಓಡುತ್ತಿದ್ದರೆ ತಪ್ಪು ಮೋಟರಿನದ್ದಲ್ಲ. ಮೇಲೆ ಹೋದ ನೀರು ವಾಪಸ್ ಗುಂಡಿಗೆ ಬೀಳುತ್ತಿದೆ. ಪೈಪಿನಲ್ಲಿ ಒಂದು ವಾಲ್ವ್ ಇದೆ, ಒಂದೇ ಕಡೆಗೆ ತೆರೆಯುವ ಬಾಗಿಲು. ಅದು ಪೂರ್ತಿ ಮುಚ್ಚುತ್ತಿಲ್ಲ. ಬಿಚ್ಚಿ ನೋಡಲು ಹೇಳು.

ಕಂಬದ ವಿಷಯ ಯೋಚನೆ ಮಾಡಿದೆ. ನನಗೆ ವಯಸ್ಸಾಯಿತು, ಚಳಿ ಬೇರೆ. ನಮ್ಮ ಯೋಗರಾಜನಿಗೆ ಹೇಳುತ್ತೇನೆ. ವರಸೆಯಲ್ಲಿ ಅವನು ನಿನಗೆ ತಮ್ಮನೇ ಆಗಬೇಕು, ಅವನು ಕಂಬ ಹಿಡಿದರೂ ಶಾಸ್ತ್ರಕ್ಕೆ ಕೊರತೆಯಿಲ್ಲ. ನಾವು ಮದುವೆ ದಿನ ನೇರವಾಗಿ ಛತ್ರಕ್ಕೆ ಬರುತ್ತೇವೆ.

ಹಾಲಸ್ವಾಮಿ

(ದಾಕ್ಷು, ನಾನು ಅತ್ತೆ ಬರೀತಿರೋದು. ಲಕೋಟೆ ಅಂಟಿಸು ಅಂತ ನನ್ನ ಕೈಗೆ ಕೊಟ್ಟಿದ್ದಾರೆ. ಕಂಬ ಹಿಡಿಯಲ್ಲ ಅಂತ ಬರೆದು ಬೆಳಿಗ್ಗೆಯಿಂದ ಅಂಗಳದಲ್ಲಿ ಕೂತಿದ್ದಾರೆ, ತಿಂಡಿ ತಿಂದಿಲ್ಲ. ಇನ್ನೊಂದು ವಿಷಯ. ನಿನ್ನ ಮೊದಲ್ನೇ ಕಾಗದ ಬಂದಾಗಿಂದ ಇವರು ದೀಪ ಹಚ್ಚಿದ ಮೇಲೆ ನೀರು ಮುಟ್ಟುತ್ತಿಲ್ಲ. ಊಟಕ್ಕೂ ಒಂದೇ ಗುಟುಕು. ಕೇಳಿದರೆ ಹಂದರಗಂಬದ ವ್ರತ ಅಂತಾರೆ. ಹಿಂಗೆ ಮಾಡಿದ್ರೂ ರಾತ್ರಿ ನಾಲ್ಕೈದು ಸಲ ಏಳೋದು ತಪ್ಪಿಲ್ಲ. ನೀನು ಓದಿದವಳು, ಅಂಥ ವ್ರತ ಯಾವ ಪುಸ್ತಕದಲ್ಲಾದರೂ ಇದೆಯಾ? – ಪದ್ಮಮ್ಮ)

*

ವಿನೋಬನಗರ
26 ಡಿಸೆಂಬರ್ 2024

ಮಾವನಿಗೆ ಶರಣು.

ನಿಮ್ಮ ಕಾಗದವನ್ನು ಹಲವು ಸಲ ಓದಿದೆ. ಹಿಂದಿನ ಕಾಗದವನ್ನೂ ತೆಗೆದು ಜೊತೆಗಿಟ್ಟುಕೊಂಡು ಓದಿದೆ.

ನೀವು ಹೇಳಿದ್ದು ಸರಿ. ವಾಲ್ವಿನ ಬಾಗಿಲಿಗೆ ಇನ್ನೊಂದು ಟಿಶ್ಯೂ ಸಿಕ್ಕಿಕೊಂಡಿತ್ತು. ತೆಗೆದ ಮೇಲೆ ಮೋಟರು ತಾನಾಗಿ ಓಡುವುದು ನಿಂತಿದೆ. ಅಮೂಲ್ಯ ಈಗ ಕಡಲೆಹಿಟ್ಟಿನಲ್ಲಿ ಮುಖ ತೊಳೆಯುತ್ತಿದ್ದಾಳೆ, ಮೊದಲಿಗಿಂತ ಚೆನ್ನಾಗಿ ಕಾಣುತ್ತಾಳೆ.

ಆದರೆ ಮೋಟರು ಪೂರ್ತಿ ದುರಸ್ತಿಯಾಗಿಲ್ಲ. ಅದರ ಬಾಯಿ ಮುಚ್ಚಿಸುವುದು ಬಾಕಿಯಿದೆ. ಇದನ್ನು ನಿಮ್ಮ ಹತ್ತಿರ ಬಿಟ್ಟರೆ ಇನ್ನಾರ ಹತ್ತಿರವೂ ಹೇಳುವಂತಿಲ್ಲ. ನನಗೂ ಈಚೆಗೆ ರಾತ್ರಿ ಎರಡು ಮೂರು ಸಲ ಏಳಬೇಕಾಗುತ್ತದೆ. ಈ ವಯಸ್ಸಿನ ಹೆಂಗಸರಿಗೆ ಇದೆಲ್ಲ ಸಾಮಾನ್ಯ ಎಂದರು ಡಾಕ್ಟರು. ಡಾಕ್ಟರಿಗೇನು, ಅವರ ಮನೆಯಲ್ಲಿ ಡಂಗುರವಿಲ್ಲ. ಮದುವೆಗೆಂದು ಮನೆ ತುಂಬ ನೆಂಟರು ಮಲಗಿರುತ್ತಾರೆ. ನಾನು ಎದ್ದಾಗಲೆಲ್ಲ ಮೋಟರು ಕೂಗಿ ಹೇಳುತ್ತದೆ. ಬೆಳಿಗ್ಗೆ ಯಾರಾದರೂ ಎಣಿಸಿ ನಗುತ್ತಾರೆ. ನಗುವವರಿಗೆ ಅದು ಒಂದು ಕಾಫಿಯಷ್ಟು ಹೊತ್ತಿನ ನಗು. ಎದ್ದುಹೋದವರಿಗೆ ಹಾಗಲ್ಲ, ಇದು ನನಗೆ ಈಗ ಅರ್ಥವಾಗುತ್ತಿದೆ. ಡಂಗುರ ಎನ್ನುವ ಮಾತನ್ನು ಮನೆಯಲ್ಲಿ ನಿಲ್ಲಿಸಿದ್ದೇನೆ.

ಶಬ್ದ ನಿಲ್ಲಿಸುವ ಉಪಾಯ ಏನಾದರೂ ಇದೆಯೇ ಮಾವ? ಇದ್ದರೆ ನೀವೇ ಬಂದು ನೋಡಬೇಕು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬನ್ನಿ. ಹಗಲು ಬಂದು ನಾಲ್ಕು ಗಂಟೆಯ ಬಸ್ಸಿಗೇ ಹೊರಡಿ, ನಾನು ತಡೆಯುವುದಿಲ್ಲ. ಇದು ನನಗಾಗಿ.

ಯೋಗರಾಜನಿಗೆ ಇನ್ನೂ ಹೇಳಬೇಡಿ.

ನಿಮ್ಮ
ದಾಕ್ಷಾಯಣಿ

ಅತ್ತೆಗೆ: ಅಂಥ ವ್ರತ ಯಾವ ಪುಸ್ತಕದಲ್ಲೂ ಇಲ್ಲ. ಊಟದ ಜೊತೆ ಒಂದು ಚೊಂಬು ನೀರು ಇಡಿ.

*

ವಿನೋಬನಗರ
19 ಜನವರಿ 2025

ಮಾವನಿಗೆ ಶರಣು.

ನೀವು ಬಂದುಹೋದ ಮೇಲೆ ಈ ಮನೆ ಬೇರೆಯದೇ ಮನೆಯಾಗಿದೆ. ಇದೊಂದನ್ನು ಬರೆಯಲೇಬೇಕು. ಧರ್ಮೇಂದ್ರ ನಿನ್ನೆ ಸುಮ್ಮನೆ ಈ ಕಡೆ ಬಂದವರು, ಇನ್ನೂ ನಿಮ್ಮ ಮಾತನ್ನೇ ಆಡುತ್ತಿದ್ದರು.

ಗುಂಡಿಯ ಹತ್ತಿರವೂ ಹೋಗದೆ ನೀವು ಮುಂದಿನ ಕೋಣೆಗೆ ಬಂದು ಗೋಡೆಗೆ ಅಂಗೈ ಇಟ್ಟು ನಿಂತಾಗ ನನಗೂ ತಿಳಿಯಲಿಲ್ಲ. "ಹೂಂ, ನೀರು ಬಿಡ್ರೋ" ಎಂದಿರಿ. ಮೋಟರು ಓಡಿತು. ನೀವು ಕಣ್ಣು ಮುಚ್ಚಿ ಗೋಡೆಯುದ್ದಕ್ಕೂ ಕೈಯಾಡಿಸಿದಿರಿ, ಕರುವಿನ ಮೈ ಸವರುವ ಹಾಗೆ.

"ಏನ್ ತಾತ, ಕಿವಿ ಕೇಳಲ್ಲ ಅಂತೀರಿ, ಶಬ್ದ ಹುಡುಕ್ತೀರಿ!" ಎಂದು ಧರ್ಮೇಂದ್ರ ಕೂಗಿದರು.

"ಕೈಗೆ ಕೇಳುತ್ತಯ್ಯಾ. ನಿಂಗೆ ಎರಡು ಕಿವಿ ಇದ್ದೂ ಏನು ಮಾಡಿದಿ? ಕೂಗ್ತಿರೋದು ಮೋಟ್ರಲ್ಲ, ಗೋಡೆ!"

ಅಷ್ಟು ವರ್ಷ ನಾವು ಮೋಟರನ್ನು ಬೈದೆವು. ಅದು ಹಿತ್ತಲಿನಲ್ಲಿ ತನ್ನಷ್ಟಕ್ಕೆ ಗುಂಯ್ ಎನ್ನುತ್ತಿತ್ತು. ಪೈಪನ್ನು ಈ ಕೋಣೆಯ ಗೋಡೆಗೆ ಕಬ್ಬಿಣದ ಪಟ್ಟಿ ಹಾಕಿ ಬಿಗಿದಿದ್ದರಿಂದ, ಗೋಡೆಯೇ ತಮಟೆಯಾಗಿತ್ತು. ನೀವು ಪಟ್ಟಿ ಸಡಿಲಿಸಿ, ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಪೈಪಿಗೆ ಅಂಗಿಯ ಹಾಗೆ ತೊಡಿಸಿದಿರಿ. ಮೋಟರಿನ ಕಾಲ ಕೆಳಗೆ ದಪ್ಪ ರಬ್ಬರು ಇಟ್ಟಿರಿ. ಬುರುಡೆಯ ಹಗ್ಗ ಮೇಲಕ್ಕೆ ಕಟ್ಟಿದಿರಿ. ಗುಂಡಿಯಲ್ಲಿ ಜಾಗವಿದೆ, ರಾತ್ರಿಯ ನೀರೆಲ್ಲ ಅಲ್ಲೇ ಇರಲಿ, ಬೆಳಿಗ್ಗೆ ಸ್ನಾನದ ಹೊತ್ತಿಗೆ ಒಟ್ಟಿಗೆ ಹೋಗುತ್ತದೆ ಎಂದಿರಿ.

ಆಮೇಲೆ ನಾವೆಲ್ಲ ಹಾಲಿನಲ್ಲಿ ಉಸಿರು ಬಿಗಿಹಿಡಿದು ಕೂತೆವು. ಅಮೂಲ್ಯ ಒಳಗಿನಿಂದ ಬಕೆಟ್ ಬಕೆಟ್ ನೀರು ಸುರಿದು, ಹೊರಗೆ ಬಂದು, "ಯಾಕೆ, ಆನ್ ಆಗ್ಲಿಲ್ವಾ?" ಎಂದಳು. ಹೋಗಿ ನೋಡಿದರೆ ಮೋಟರು ಓಡಿ ಗುಂಡಿ ಅರ್ಧ ಖಾಲಿಯಾಗಿತ್ತು!

ನೀವು ನಾಲ್ಕು ಗಂಟೆಯ ಬಸ್ಸಿಗೆ ಹೊರಟಿರಿ, ನಾನು ಮಾತು ಕೊಟ್ಟ ಹಾಗೆ ತಡೆಯಲಿಲ್ಲ. ಅಂದಿನಿಂದ ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ. ಎದ್ದರೂ ಯಾರಿಗೂ ಗೊತ್ತಾಗುವುದಿಲ್ಲ.

ಮುಂದಿನ ಕೋಣೆಗೆ ಬಣ್ಣ ಬಳಿಸಿದೆ. ಅದಕ್ಕಿಂತ ಹೆಚ್ಚು ಏನೂ ಕೇಳುವುದಿಲ್ಲ.

ನಿಮ್ಮ
ದಾಕ್ಷಾಯಣಿ

*

ಜನ್ನಾಪುರ
2 ಫೆಬ್ರವರಿ 2025

ದಾಕ್ಷುಗೆ ಆಶೀರ್ವಾದ.

ಹೊಸ ರಬ್ಬರು ಮೊದಮೊದಲು ಜಾರುತ್ತದೆ. ಒಂದು ರಾತ್ರಿ ಪೂರ್ತಿ ಹತ್ತಿರದಲ್ಲಿದ್ದು ನೋಡದೆ ಕೆಲಸ ಮುಗಿಯಿತು ಎನ್ನಲಾಗದು. ಆದ್ದರಿಂದ ಹದಿಮೂರರ ಸಂಜೆ ಬರುತ್ತೇವೆ. ಆ ಗೋಡೆಯ ಕೋಣೆಯೇ ಇರಲಿ, ಮೋಟರಿನ ಮೇಲೆ ಒಂದು ಕಣ್ಣಿಡಬೇಕಲ್ಲ. ಹೇಗೂ ಅಲ್ಲಿರುತ್ತೇನೆ, ಕಂಬವನ್ನೂ ನಾನೇ ಹಿಡಿದುಬಿಡುತ್ತೇನೆ. ಯೋಗರಾಜನಿಗೆ ಬಡಿಸುವ ಕೆಲಸ ಕೊಡು.

ಹಂದರಗಂಬಕ್ಕೆ ಅತ್ತಿಯ ಕೊಂಬೆ ನಮ್ಮ ಬೀದಿಯ ಮರದಿಂದಲೇ ತರುತ್ತೇನೆ. ಕಂಡಕ್ಟರಿಗೆ ಹೇಳಿದ್ದೇನೆ. "ಈ ಸಲ ನಿಜವಾಗ್ಲೂ ದೇವ್ರಾ?" ಎಂದು ಕೇಳಿದ.

ಹಾಲಸ್ವಾಮಿ ಮಾವ

*

ವಿನೋಬನಗರ
20 ಫೆಬ್ರವರಿ 2025

ಮಾವನಿಗೂ ಅತ್ತೆಗೂ ಶರಣು.

ಅಮೂಲ್ಯ ಗಂಡನ ಮನೆಗೆ ಹೋದಳು. ಮನೆಯಲ್ಲಿ ಉಳಿದಿರುವುದು ಹಂದರದ ಒಣಗಿದ ಸೋಗೆ, ಅರ್ಧ ಡಬ್ಬ ಬೂಂದಿ, ಮತ್ತು ನಾವಿಬ್ಬರು. ಅಳುತ್ತಿಲ್ಲ, ಬರೆಯುತ್ತಿದ್ದೇನೆ.

ಮದುವೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಯಾವುದೆಂದು ಇವರು ಕೇಳಿದರು. ಧಾರೆ ಎಂದೆ. ನಿಮಗೆ ನಿಜ ಹೇಳುತ್ತೇನೆ. ಹದಿಮೂರರ ರಾತ್ರಿ ಊಟ ಮುಗಿಸಿ ನೀವು ಚೊಂಬು ಎತ್ತಿ ನೀರು ಕುಡಿದಿರಿ. ಗಂಟಲ ಗಂಟು ಏರಿ ಇಳಿಯುವುದನ್ನು ನೋಡುತ್ತ ನಾನು ಬಡಿಸುವುದನ್ನು ಮರೆತು ನಿಂತೆ. ಚೊಂಬು ಕೆಳಗಿಟ್ಟು, ಮೀಸೆ ಒರೆಸಿಕೊಂಡು, "ಇನ್ನೊಂದು ಲೋಟ ಹಾಕು ಮಾರಾಯ್ತಿ, ನಿಮ್ಮೂರ ತುಂಗೆ ನೀರು ರುಚಿಯಾಗಿದೆ" ಎಂದಿರಿ. ಅತ್ತೆ ನನ್ನನ್ನು ನೋಡಿದರು. ನಾನು ಅತ್ತೆಯನ್ನು ನೋಡಲಿಲ್ಲ, ನೋಡಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದೆವು.

ಬೆಳಗಿನ ಜಾವ ನೀವು ಅರಿಶಿನದ ಕೈಯಲ್ಲಿ ಕಂಬ ಹಿಡಿದು ನಿಂತಿದ್ದಿರಿ. ಇಪ್ಪತ್ತು ಜನ ಒಬ್ಬರ ಹಿಂದೊಬ್ಬರು ಸ್ನಾನ ಮಾಡುತ್ತಿದ್ದರೂ ಮನೆಯಲ್ಲಿ ಹೆಂಗಸರ ಹಾಡು ಬಿಟ್ಟರೆ ಬೇರೆ ಸದ್ದಿಲ್ಲ. ಕಾಫಿಗೆ ಕೂತಾಗ ನಮ್ಮ ಭಾವ ಮೈಮುರಿಯುತ್ತ, "ಒಳ್ಳೇ ನಿದ್ದೆ ಬಂತು ಕಣ್ರೀ. ಯಾಕೆ, ಆ ಮೋಟ್ರು ಕೆಟ್ಟಿದ್ಯಾ?" ಎಂದರು. ಅತ್ತೆ ಅದನ್ನು ನಿಮ್ಮ ಕಿವಿಯಲ್ಲಿ ಕೂಗಿದರು.

"ಕೆಟ್ಟಿಲ್ಲ ಸ್ವಾಮಿ," ಎಂದಿರಿ ನೀವು, "ಬುದ್ಧಿ ಕಲಿತಿದೆ!"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನೀವು.

ನಿನ್ನೆ ಮುಂದಿನ ಕೋಣೆ ಗುಡಿಸುವಾಗ ಹೊಸ ಬಣ್ಣದ ಗೋಡೆಯ ಮೇಲೆ ಅರಿಶಿನದ ಅಂಗೈ ಗುರುತು ಕಂಡೆ. ಕಂಬ ನೆಟ್ಟು ಒಳಗೆ ಬಂದವರು ಒಂದು ಸಲ ಗೋಡೆ ಮುಟ್ಟಿ ನೋಡಿದ್ದೀರಿ. ಇವರು ಒರೆಸಲು ಬಟ್ಟೆ ತಂದರು. ಬೇಡ ಎಂದೆ.

ನಿಮ್ಮ
ದಾಕ್ಷಾಯಣಿ

*

ಜನ್ನಾಪುರ
1 ಮಾರ್ಚ್ 2025

ದಾಕ್ಷುಗೆ ಆಶೀರ್ವಾದ.

ಬೇಸಿಗೆ ಬರುತ್ತಿದೆ. ಬಿಸಿಲಿಗೆ ರಬ್ಬರು ಮೆತ್ತಗಾಗುತ್ತದೆ, ಒಂದು ಸಲ ನೋಡುವುದು ಒಳ್ಳೆಯದು. ಬರುವ ಶುಕ್ರವಾರ ನಾನೂ ಅತ್ತೆಯೂ ಬರುತ್ತೇವೆ. ಒಂದು ರಾತ್ರಿಗೆ ಇದೆಲ್ಲ ತಿಳಿಯುವುದಿಲ್ಲ. ಸೋಮವಾರದವರೆಗೆ ಇದ್ದು ನೋಡಬೇಕಾಗುತ್ತದೆ.

ಮೋಟರಿಗೆ ಏನೂ ಆಗಿಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಅತ್ತೆ ಚಕ್ಕುಲಿ ಸುಡುತ್ತಿದ್ದಾಳೆ. ರಾತ್ರಿ ಊಟಕ್ಕೆ ಮಜ್ಜಿಗೆ ಮಾಡಿಡು, ದೊಡ್ಡ ಪಾತ್ರೆಯಲ್ಲಿ.

ಹಾಲಸ್ವಾಮಿ ಮಾವ